ಮಲೇಷ್ಯಾದ ಸಣ್ಣಕಥೆಯಲ್ಲಿ ಥೀಮು, ಪಾತ್ರ ಹಿಡಿಯೋದು ಹೇಗೆ: ಮಣಿಯಂ ಅವರ ಹುಲಿ ಕಥೆ ಇಟ್ಕೊಂಡು ಒಂದು ಮಾರ್ಗದರ್ಶಿ

ಹೋದ ವರ್ಷ ಎಂ.ಎ. ಇಂಗ್ಲಿಷ್ ಮಕ್ಕಳಿಗೆ ಮಲೇಷ್ಯಾದ ಲೇಖಕ ಕೆ.ಎಸ್. ಮಣಿಯಂ ಅವರ 'ಹಾಂಟಿಂಗ್ ದ ಟೈಗರ್' ಕಥೆ ಕೊಟ್ಟು, ಥೀಮ್ಸ್ ಮತ್ತೆ ಕ್ಯಾರೆಕ್ಟರೈಸೇಶನ್ (ಪಾತ್ರಚಿತ್ರಣ) ಬಗ್ಗೆ ಬರ್ಕೊಂಡು ಬನ್ನಿ ಅಂದಿದ್ದೆ. ಹದಿನೆಂಟು ಅಸೈನ್‌ಮೆಂಟ್ ಬಂತು. ಹದಿನೈದರಲ್ಲಿ ಮೊದಲನೇ ಪ್ಯಾರಾನೇ ಒಂದೇ ಥರ: ಐಡೆಂಟಿಟಿ (ತಾನು ಯಾರು ಅನ್ನೋ ಗುರುತು), ಏಲಿಯನೇಶನ್ (ಎಲ್ಲೂ ಸೇರದ ಪರಕೀಯ ಭಾವ), ನಾಸ್ಟಾಲ್ಜಿಯಾ (ಕಳೆದುಹೋದದ್ದರ ಹಂಬಲ). ತಪ್ಪು ಅಂತಲ್ಲ, ಆದ್ರೆ ಈ ಮೂರು ಪದನ ಫಿಜಿ ಕಥೆಗೂ ಅಂಟಿಸಬಹುದು, ಟ್ರಿನಿಡಾಡ್ ಕಥೆಗೂ ಅಂಟಿಸಬಹುದು, ರಾಯಚೂರಿಂದ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಚಿತ್ರಾನ್ನ ತಿನ್ನೋ ಹುಡುಗನ ಕಥೆಗೂ ಅಂಟಿಸಬಹುದು. ಹಂಗಾದ್ರೆ ಈ ಕಥೆ ಓದಿದ್ದಕ್ಕೆ ಸಾಕ್ಷಿ ಎಲ್ಲಿ?

ಅದಕ್ಕೇ ಇದನ್ನ ಬರೀತಿದೀನಿ. ಡಯಾಸ್ಪೋರಾ (ಊರು ಬಿಟ್ಟು ಪರದೇಶದಲ್ಲಿ ನೆಲೆಸಿದ ಜನರ ಸಾಹಿತ್ಯ) ಪೇಪರ್ ಇರೋ ಸ್ಟೂಡೆಂಟ್ಸಿಗೆ, ಪಾಠ ಮಾಡೋಕೆ ಹೊರಟಿರೋ ನನ್ನಂಥ ಗೆಸ್ಟ್ ಲೆಕ್ಚರರ್‌ಗಳಿಗೆ, ಸುಮ್ನೆ ಓದೋ ಖುಷಿಗೆ ಓದೋರಿಗೂ. ಒಂದೇ ಕಥೆ ಹಿಡ್ಕೊಂಡು ಹೋಗೋಣ, ಹತ್ತು ಕಥೆ ಮುಟ್ಟಿ ಬಿಡೋದಕ್ಕಿಂತ ಇದು ವಾಸಿ.

ಹಂತ 1: ಮೊದಲು ಸುಮ್ನೆ ಓದಿ, ಆಮೇಲೆ ಐದು ಸಾಲಲ್ಲಿ ಕಥೆ ಹೇಳಿ

ಮೊದಲನೇ ಓದಿನಲ್ಲಿ ಪೆನ್ನು ಮುಟ್ಟಬೇಡಿ. ಹೈಲೈಟರ್ ಅಂತೂ ದೂರ ಇಡಿ, ಪುಟ ಪೂರ್ತಿ ಹಳದಿ ಮಾಡ್ಕೊಂಡು ಕೂತ್ರೆ ಏನೂ ಎದ್ದು ಕಾಣಲ್ಲ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು ಮನೇಲಿ ಯಾರಿಗಾದ್ರೂ ಕಥೆ ಹೇಳಿ, ಇಂಗ್ಲಿಷ್ ಗೊತ್ತಿಲ್ಲದ ಅಜ್ಜಿಗೆ ಹೇಳಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಅವರ ಹತ್ರ 'ಐಡೆಂಟಿಟಿ' ಅಂತ ಹೇಳಿ ತಪ್ಪಿಸ್ಕೊಳ್ಳೋಕಾಗಲ್ಲ.

ಈ ಕಥೆ ಹೇಳೋದಾದ್ರೆ ಹಿಂಗೆ: ಮುತ್ತು ಅನ್ನೋ ಮುದುಕ ಸಾಯೋ ಹಾಸಿಗೆ ಮೇಲೆ ಮಲಗಿದಾನೆ. ಮಲೇಷ್ಯಾದಲ್ಲಿರೋ ತಮಿಳು ಮನುಷ್ಯ. ಅವನ ತಲೇಲಿ ಓಡ್ತಿರೋದು ಹರೆಯದಲ್ಲಿ ಹುಲಿ ಹುಡುಕ್ಕೊಂಡು ಕಾಡಿಗೆ ಹೋಗ್ತಿದ್ದ ಕಾಲ. ಹೆತ್ತವರು ಜೊತೆಗೆ ತಂದಿದ್ದ ಇಂಡಿಯಾ ಅವನಿಗೆ ಬೇಡ, ಈ ನೆಲಕ್ಕೇ ಸೇರಬೇಕು ಅನ್ನೋ ಹಟ. ಹುಲಿ ಗೊತ್ತಿರೋ ಜುಲ್ಕಿಫ್ಲಿ ಅನ್ನೋ, ಅಲ್ಲಿನ ಮಲಯ್ ಜನಾಂಗದ ಮನುಷ್ಯ ಜೊತೆಗೆ ಸಿಗ್ತಾನೆ. ಆದ್ರೂ ಮುತ್ತುಗೆ ಹುಲಿ ದಕ್ಕಲ್ಲ.

ಅಷ್ಟೇ. ನನ್ನ ಅಜ್ಜಿ ಇದ್ದಿದ್ರೆ ತಕ್ಷಣ ಕೇಳಿರೋರು, "ಅಲ್ಲಪ್ಪಾ, ಹುಲಿ ಸಿಕ್ಕಿದ್ರೆ ಏನ್ ಮಾಡ್ತಿದ್ದ ಅವ್ನು?" ಅಂತ. ಈ ಪ್ರಶ್ನೇನ ಬರ್ದಿಟ್ಕೊಳ್ಳಿ. ಮುಂದಿನ ಕೆಲಸ ಪೂರ್ತಿ ಇದರ ಮೇಲೇ ನಿಂತಿರೋದು.

ಹಂತ 2: ಹೆಸರಿನ ಹತ್ರ ಒಂದು ನಿಮಿಷ ನಿಲ್ಲಿ

ಬೇಟೆಗೆ ಇಂಗ್ಲಿಷಲ್ಲಿ 'ಹಂಟಿಂಗ್' ಅಂತಾರೆ. ಕಥೆ ಹೆಸರು 'ಹಾಂಟಿಂಗ್', ಒಂದೇ ಸ್ವರ ಆಚೀಚೆ. ಬೇಟೆ ಅಂತ ಓದೋಕೆ ಹೋದ ಕಣ್ಣು ಎಡವುತ್ತೆ, ಎಡವಲಿ ಅಂತಲೇ ಇಟ್ಟಿರೋದು. ದೆವ್ವ ಬೆನ್ನು ಬಿದ್ದ ಹಂಗೆ ಬೆನ್ನು ಬೀಳೋದು, ಕಾಡೋದು. ನಮ್ಮ ಭಾಷೇಲಿ ಇದು ಇನ್ನೂ ಚೆನ್ನಾಗಿ ಕೂರತ್ತೆ ನೋಡಿ, 'ಕಾಡು' ಅಂದ್ರೆ ಅಡವೀನೂ ಹೌದು, ಪೀಡಿಸು ಅನ್ನೋ ಕ್ರಿಯಾಪದಾನೂ ಹೌದು. ಕಾಡಲ್ಲಿ ಹುಲೀನ ಕಾಡೋ ಮನುಷ್ಯ, ಕೊನೆಗೆ ಹಾಸಿಗೆ ಮೇಲೆ ಹುಲಿಯಿಂದ ಕಾಡಿಸ್ಕೊಳ್ಳೋ ಮನುಷ್ಯ. ಮಣಿಯಂ ಅವರಿಗೆ ಕನ್ನಡದ ಈ ಅನುಕೂಲ ಇರ್ಲಿಲ್ಲ ಪಾಪ.

ಹೆಸರಲ್ಲಿ ಇನ್ನೊಂದು ಗಮನಿಸಿ, ಯಾರು ಯಾರನ್ನ ಕಾಡ್ತಿದಾರೆ ಅಂತ ಹೇಳಿಲ್ಲ. ಹುಲಿ ಮುತ್ತುನ ಕಾಡ್ತಿದೆ ಅಂತ ನಾವು ಅಂದ್ಕೋತೀವಿ, ಆದ್ರೆ ವ್ಯಾಕರಣದ ಪ್ರಕಾರ ಹುಲಿ ಕರ್ಮ, ಅಂದ್ರೆ ಕಾಡಿಸ್ಕೊಳ್ಳೋದು ಅದು. ಹಂಗಂದ್ರೆ ಮುತ್ತು ಆ ಕಾಡಲ್ಲಿ ದೆವ್ವ ಇದ್ದಂಗೆ, ಅಲ್ಲೇ ಸುತ್ತುತಾನೆ, ಅಲ್ಲಿಯವನಲ್ಲ. ಇದನ್ನ ಅಸೈನ್‌ಮೆಂಟಲ್ಲಿ ಎರಡು ಸಾಲು ಬರೆದ್ರೂ ಸಾಕು, ಓದೋರು ತಲೆ ಎತ್ತಿ ನೋಡ್ತಾರೆ.

ಹಂತ 3: ಹಿನ್ನೆಲೆ, ಅರ್ಧ ಗಂಟೆಗಿಂತ ಜಾಸ್ತಿ ಬೇಡ

ಇಲ್ಲಿ ಎರಡು ಥರದ ತಪ್ಪು ನೋಡಿದೀನಿ. ಕೆಲವರು ಹಿನ್ನೆಲೇನೇ ಓದಲ್ಲ, ಇನ್ನು ಕೆಲವರು ನಾಲ್ಕು ಪುಟ ಇತಿಹಾಸ ಬರ್ದು ಐದನೇ ಪುಟದಲ್ಲಿ ಕಥೆಗೆ ಬರ್ತಾರೆ. ಬೇಕಾಗಿರೋದು ಇಷ್ಟೇ.

ಬ್ರಿಟಿಷರ ಕಾಲದಲ್ಲಿ ಮಲಯಾದ ರಬ್ಬರ್ ಎಸ್ಟೇಟುಗಳಿಗೆ ತಮಿಳುನಾಡಿಂದ ಕೂಲಿಯವರನ್ನ ಕರ್ಕೊಂಡು ಹೋದ್ರು. ಕರಾರು ಕೂಲಿ ಪದ್ಧತಿ 1910ಕ್ಕೆ ನಿಂತ ಮೇಲೆ ಕಂಗಾಣಿಗಳ ಮೂಲಕ ಜನ ಹೋಗೋದು ಮುಂದುವರೀತು. ಕಂಗಾಣಿ ಅಂದ್ರೆ ತನ್ನೂರಿಗೆ ಬಂದು ತನ್ನ ಕಡೆಯವರನ್ನೇ ಒಪ್ಪಿಸಿ ಕರ್ಕೊಂಡು ಹೋಗೋ ಮೇಸ್ತ್ರಿ, ಚಿಕ್ಕಮಗಳೂರು ಕೊಡಗಿನ ಕಾಫಿ ತೋಟದ ಮೇಸ್ತ್ರಿ ಗೊತ್ತಿರೋರಿಗೆ ಬಿಡಿಸಿ ಹೇಳೋದೇ ಬೇಡ. 1957ರ ಆಗಸ್ಟ್ 31ಕ್ಕೆ ಮಲಯಾಗೆ ಸ್ವಾತಂತ್ರ್ಯ, 1963ಕ್ಕೆ ಮಲೇಷ್ಯಾ ಅಂತ ಆಯ್ತು. 1969ರ ಮೇ 13ಕ್ಕೆ ಕೌಲಾಲಂಪುರದಲ್ಲಿ ದೊಡ್ಡ ಜನಾಂಗೀಯ ಗಲಭೆ. ಅದಾದ ಮೇಲೆ 1971ರಿಂದ ಹೊಸ ಆರ್ಥಿಕ ನೀತಿ ಬಂತು, ಮಲಯ್ ಜನಕ್ಕೆ ಮತ್ತೆ ಅಲ್ಲಿನ ಮೂಲನಿವಾಸಿಗಳಿಗೆ ಶಿಕ್ಷಣ, ಉದ್ಯೋಗ, ವ್ಯಾಪಾರದಲ್ಲಿ ಆದ್ಯತೆ. ಇವರಿಗೆ ಅಲ್ಲಿ ಬಳಸೋ ಪದ 'ಬೂಮಿಪುತ್ರ'.

ಈ ಪದ ಕೇಳಿದ್ ತಕ್ಷಣ ಕನ್ನಡದ ಓದುಗರು ಜಾರ್ತಾರೆ. ನಮಗೆ ಮಣ್ಣಿನ ಮಗ ಅಂದ್ರೆ ರೈತ, ಹೆಗಲ ಮೇಲೆ ಟವೆಲ್ಲು, ಎಲೆಕ್ಷನ್ ಭಾಷಣ. ಅಲ್ಲಿ ಅದು ಸರ್ಕಾರಿ ವರ್ಗೀಕರಣ. ಮೂರನೇ ತಲೆಮಾರಿನ ತಮಿಳು ಮನುಷ್ಯ ಅದೇ ಮಣ್ಣಲ್ಲಿ ರಬ್ಬರ್ ಮರ ಕೀರಿ ಹಾಲು ತೆಗೆದು ಬೆನ್ನು ಬಾಗಿಸ್ಕೊಂಡಿದ್ರೂ ಭೂಮಿಪುತ್ರ ಆಗಲ್ಲ. ಪದ ಮಾತ್ರ ನಮ್ಮ ಕಡೆಯ ಸಂಸ್ಕೃತದ್ದೇ, ಅದೇ ಇದ್ರಲ್ಲಿರೋ ವ್ಯಂಗ್ಯ.

ಲೇಖಕರ ಬಗ್ಗೆ ಎರಡು ಮಾತು ಸಾಕು. ಮಣಿಯಂ ಹುಟ್ಟಿದ್ದು 1942ರಲ್ಲಿ ಕೆಡಾ ರಾಜ್ಯದ ಬೆಡೋಂಗ್ ಅನ್ನೋ ಪುಟ್ಟ ಊರಲ್ಲಿ, ಮಲಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ರು, 2020ರಲ್ಲಿ ತೀರ್ಕೊಂಡ್ರು. ಈ ಕಥೆಯ ಹೆಸರನ್ನೇ ಹೊತ್ತ ಸಂಕಲನ 1996ರಲ್ಲಿ ಲಂಡನ್ನಲ್ಲಿ ಬಂತು. ನಮ್ಮ ಕಡೆ ಕೊಂಡಿ ಅಂದ್ರೆ, ಇಂಗ್ಲಿಷಲ್ಲಿ ಕಾದಂಬರಿ ಬರೆದ ಹಾಸನದ ರಾಜಾ ರಾವ್ ಹೆಸರಿನ ಪ್ರಶಸ್ತಿ ಶುರುವಾದಾಗ ಮೊದಲನೇದು ಇವರಿಗೇ ಸಿಕ್ಕಿದ್ದು, 2000ದಲ್ಲಿ. ಇನ್ನೊಂದು ವಿಷ್ಯ, ಇವರು ಬರೆದಿದ್ದು ಇಂಗ್ಲಿಷಲ್ಲಿ. ಮಲೇಷ್ಯಾದಲ್ಲಿ ರಾಷ್ಟ್ರೀಯ ಸಾಹಿತ್ಯ ಅಂತ ಲೆಕ್ಕಕ್ಕೆ ಬರೋದು ಮಲಯ್ ಭಾಷೇದು. ಅಂದ್ರೆ ಸೇರದಿರೋದರ ಬಗ್ಗೆ ಬರೆದ ಈ ಕಥೆ, ಆ ಲೆಕ್ಕದಲ್ಲಿ ತಾನೂ ಸೇರಿಲ್ಲ.

ಹಂತ 4: ಪಾತ್ರಕ್ಕೆ ಏನು ಬೇಕು ಅಂತ ಒಂದು ವಾಕ್ಯದಲ್ಲಿ ಬರೀರಿ

ಗೈಡ್‌ಗಳಲ್ಲಿ ಪಾತ್ರಚಿತ್ರಣ ಅಂದ್ರೆ ವಿಶೇಷಣಗಳ ಪಟ್ಟಿ: ಮುತ್ತು ಹಟಮಾರಿ, ಒಂಟಿ, ಕನಸುಗಾರ. ಇದು ಮದುವೆ ಬಯೋಡೇಟಾ ಥರ, ಇದ್ರಿಂದ ಮನುಷ್ಯ ಕಾಣಲ್ಲ. ಅದರ ಬದಲು ಈ ಖಾಲಿ ಜಾಗ ತುಂಬಿ: "ಮುತ್ತುಗೆ ಇಂಥದ್ದು ಬೇಕು, ಅದಕ್ಕೋಸ್ಕರ ಇಂಥದ್ದು ಮಾಡ್ತಾನೆ, ಆದ್ರೆ ಇಂಥದ್ದು ಅಡ್ಡ ಬರತ್ತೆ."

ನನ್ನ ಕ್ಲಾಸಲ್ಲಿ ಮೊದಲ ಸಲ ಬಂದ ಉತ್ತರ: ಮುತ್ತುಗೆ ಹುಲಿ ಬೇಕು, ಕಾಡಿಗೆ ಹೋಗ್ತಾನೆ, ಹುಲಿ ಸಿಗಲ್ಲ. ಸರಿ, ಆದ್ರೆ ಅಜ್ಜಿ ಪ್ರಶ್ನೆ ಹಂಗೇ ಉಳೀತಲ್ಲ, ಸಿಕ್ಕಿದ್ರೆ ಏನ್ ಮಾಡ್ತಿದ್ದ? ಎರಡನೇ ಸಲ ಒಬ್ಳು ಹುಡುಗಿ ಬರೆದಿದ್ದು ನನಗೆ ಈಗ್ಲೂ ನೆನಪಿದೆ: "ಮುತ್ತುಗೆ ಈ ನೆಲ ತನ್ನನ್ನ ಗುರುತು ಹಿಡೀಬೇಕು, ಅದಕ್ಕೆ ನೆಲದ ಅತೀ ಗಟ್ಟಿ ಪ್ರಾಣೀನ ಎದುರುಹಾಕ್ಕೊಳ್ತಾನೆ, ಆದ್ರೆ ಆ ಪ್ರಾಣಿ ಅವನನ್ನ ನೋಡೋಕೂ ಬರಲ್ಲ." ಕೊನೇ ಭಾಗ ನೋಡಿ. ಹುಲಿ ಹೊಡೆದು ಹಾಕಿದ್ರೆ ಸೋಲಾದ್ರೂ ಒಂದು ಸಂಬಂಧ. ಇಲ್ಲಿ ಅದೂ ಇಲ್ಲ, ಲೆಕ್ಕಕ್ಕೇ ತಗೊಂಡಿಲ್ಲ. ಈ ಒಂದು ವಾಕ್ಯದಿಂದ ಥೀಮು ಅರ್ಧ ಬಂದಾಯ್ತು, ಇನ್ನೂ 'ಏಲಿಯನೇಶನ್' ಅನ್ನೋ ಪದ ಬಳಸೇ ಇಲ್ಲ ನಾವು.

ವಾಕ್ಯ ಸಿಕ್ಕಿದ ಮೇಲೆ ಎರಡನೇ ಓದು, ಈಗ ಪೆನ್ಸಿಲ್ ತಗೊಳ್ಳಿ. ಪುಟದಂಚಲ್ಲಿ ನಾಲ್ಕೇ ಅಕ್ಷರ: ಪಾತ್ರ ಮಾಡೋದಕ್ಕೆ 'ಮಾ', ಆಡೋ ಮಾತಿಗೆ 'ಆ', ಬೇರೆಯವರು ಅವನ ಬಗ್ಗೆ ಹೇಳೋದಕ್ಕೆ 'ಬೇ', ಹೇಳದೆ ಬಿಟ್ಟಿದ್ದಕ್ಕೆ 'ಮೌ'. ಮಾಡೋದಕ್ಕೂ ಆಡೋದಕ್ಕೂ ಎಲ್ಲಿ ತಾಳೆ ಆಗಲ್ವೋ ಅಲ್ಲೇ ಪಾತ್ರ ಇರೋದು.

ಮುತ್ತು ಇಬ್ಬರಿದಾರೆ ಅಂತ ಮರೀಬೇಡಿ. ಬೇಟೆಗೆ ಹೋಗೋ ಹುಡುಗ, ನೆನಪು ಮಾಡ್ಕೊಳ್ಳೋ ಮುದುಕ. ಹುಡುಗ ಮುಂದಕ್ಕೆ ನೋಡ್ತಾನೆ, ಅಪ್ಪನ ಇಂಡಿಯಾ ಬೇಡ ಅಂತಾನೆ. ಮುದುಕ ಹಿಂದಕ್ಕೆ ನೋಡ್ತಾನೆ, ಅಂದ್ರೆ ಅಪ್ಪ ಮಾಡ್ತಿದ್ದ ಕೆಲಸಾನೇ ಮಾಡ್ತಿದಾನೆ, ಅಪ್ಪ ಹಳೇ ದೇಶದ ನೆನಪಲ್ಲಿದ್ದ, ಇವನು ಹಳೇ ಕಾಡಿನ ನೆನಪಲ್ಲಿ. ನಾಸ್ಟಾಲ್ಜಿಯಾ ಅಂತ ಬರೆಯೋರು ಇಂಡಿಯಾ ಕಡೆ ಬೆರಳು ತೋರಿಸ್ತಾರೆ. ಕಥೇಲಿರೋ ಹಂಬಲ ಆ ಕಡೆಗಲ್ಲ, ಕಾಲ ಕೆಳಗಿನ ನೆಲದ ಕಡೆಗೆ. ಇದು ಪರೀಕ್ಷೇಲಿ ಅತೀ ಹೆಚ್ಚು ಜನ ಮಾಡೋ ತಪ್ಪು.

ಹಂತ 5: ಒಂದೇ ಒಂದು ಪ್ಯಾರಾ ಆರಿಸ್ಕೊಂಡು ಹಿಂಡಿ

ಈ ಕಥೇಲಿ ನಾನು ಆರಿಸೋದು ವಾಸನೆ ಜಾಗ. ಇಬ್ಬರೂ ಕಾಡಲ್ಲಿ ಕಾಯ್ತಿರ್ತಾರೆ, ಹುಲಿ ಬರ್ತಿಲ್ಲ. ಜುಲ್ಕಿಫ್ಲಿ ಹೇಳ್ತಾನೆ, ಹುಲಿ ಮೂಗಿಗೆ ಏನೋ ಪರದೇಶದ್ದು ಬಡೀತಿದೆ, ಆ ವಾಸನೆ ಹೋಗೋ ತನಕ ಅದು ಮುಖ ತೋರ್ಸಲ್ಲ ಅಂತ. ಎಂಥ ವಾಸನೆ ಅಂತ ಮುತ್ತು ಕೇಳ್ತಾನೆ. ಮೈದು, ಮನಸ್ಸಿಂದು. ಹಾಕಿರೋ ಬಟ್ಟೆ, ಮಾಡೋ ಯೋಚನೆ, ಅವೆಲ್ಲ ಎಲ್ಲಿಂದ ಬಂದಿದ್ದು ಅನ್ನೋ ಧಾಟಿ.

ನಿಧಾನಕ್ಕೆ ನೋಡೋಣ. ಬಟ್ಟೆ ವಾಸನೆ ಅಂದ್ರೆ ಅರ್ಥ ಆಗತ್ತೆ, ಬೇಟೆಗಾರರಿಗೆಲ್ಲ ಗೊತ್ತಿರೋ ವಿಷ್ಯ, ಗಾಳಿ ಯಾವ ಕಡೆ ಬೀಸ್ತಿದೆ ನೋಡ್ಕೊಂಡೇ ಕೂರ್ತಾರೆ. ಅಲ್ಲಿಂದ ಒಂದೇ ಉಸಿರಲ್ಲಿ ಯೋಚನೆ ವಾಸನೆಗೆ ಹೋಗಿಬಿಟ್ಟ. ಬಟ್ಟೆ ಬಿಚ್ಚಿ ಹಾಕಬಹುದು, ಸ್ನಾನ ಮಾಡಬಹುದು, ಯೋಚನೇನ ಏನ್ ಮಾಡೋದು? ವಾಸನೆಯ ಗುಣಾನೂ ಯೋಚಿಸಿ, ಅದು ಇರೋನಿಗೆ ತನ್ನದು ಗೊತ್ತಾಗಲ್ಲ, ಪಕ್ಕದೋನಿಗೆ ಗೊತ್ತಾಗತ್ತೆ. ಮುತ್ತುಗೆ ತಾನು ಇಲ್ಲಿಯವನೇ. ಹೊರಗಿನವನು ಅಂತ ಹೇಳ್ತಿರೋದು ಇನ್ನೊಬ್ಬ, ಅದೂ ಹುಲಿ ಮೂಗಿನ ಹೆಸರಲ್ಲಿ. ಹುಲಿಯೇನೂ ಬಾಯಿ ಬಿಟ್ಟು ಹೇಳಿಲ್ಲವಲ್ಲ!

ಈಗ ಜುಲ್ಕಿಫ್ಲಿ ಪಾತ್ರ. ಅವಸರದಲ್ಲಿ ಓದಿದ್ರೆ ಅವನು ವಿಲನ್ ಥರ ಕಾಣ್ತಾನೆ, ಒಂದಿಬ್ಬರು ಹಂಗೇ ಬರ್ದಿದ್ರು. ದಯವಿಟ್ಟು ಹಂಗೆ ಮಾಡಬೇಡಿ. ಅವನು ಮುತ್ತುನ ಓಡಿಸ್ತಿಲ್ಲ, ಜೊತೆಗೆ ಕೂತು ಕಾಯ್ತಿದಾನೆ, ತನಗೆ ಗೊತ್ತಿರೋದನ್ನ ಹೇಳಿಕೊಡ್ತಿದಾನೆ. ಹುಲಿ ಜೊತೆ ತನ್ನ ಜನಕ್ಕೆ ತಲೆಮಾರುಗಳ ನಂಟಿದೆ ಅಂತ ಅವನು ನಂಬಿರೋದು ನಾಟಕ ಅಲ್ಲ. ಮಲಯ್ ಹಳ್ಳಿಗಳಲ್ಲಿ ಹುಲೀನ ಹೆಸರು ಹಿಡಿದು ಕರೀದೆ 'ಪಾಕ್ ಬೆಲಾಂಗ್', ಅಂದ್ರೆ ಪಟ್ಟೆಪಟ್ಟೆ ದೊಡ್ಡಪ್ಪ ಅನ್ನೋ ಥರ ಮರ್ಯಾದೆಯಿಂದ ಕರೀತಾರೆ, ಮನುಷ್ಯ ಹುಲಿಯಾಗೋ 'ಹರಿಮಾವ್ ಜಾದಿಯನ್' ಕಥೆಗಳೂ ಇವೆ. ತೊಂದರೆ ಏನಂದ್ರೆ ಜುಲ್ಕಿಫ್ಲಿ ಕೊಡೋ ಸ್ನೇಹಕ್ಕೆ ಒಂದು ಷರತ್ತಿದೆ: ನೀನು ನೀನಾಗಿರೋದನ್ನ ಬಿಟ್ಟು ಬಾ. ಒಳ್ಳೇ ಮನುಷ್ಯನ ಬಾಯಿಂದ ಇದು ಬಂದಿದ್ದಕ್ಕೇ ಕಥೆ ಚುಚ್ಚೋದು, ಕೆಟ್ಟವನ ಬಾಯಿಂದ ಬಂದಿದ್ರೆ ಬೈದು ಸುಮ್ನಾಗಬಹುದಿತ್ತು.

ಒಂದು ಪ್ಯಾರಾದಲ್ಲಿ ಎರಡು ಪಾತ್ರ, ಒಂದು ಥೀಮು, ಮೂರೂ ಸಿಕ್ತು. ಇಂಥ ಜಾಗ ಪ್ರತಿ ಒಳ್ಳೇ ಕಥೇಲೂ ಒಂದಾದ್ರೂ ಇರತ್ತೆ. ಹುಡುಕೋ ಗುರುತು: ಮಾತುಕತೆ ಇದ್ದಕ್ಕಿದ್ದಂಗೆ ಕಣ್ಣಿಗೆ ಕಾಣೋ ವಸ್ತುವಿಂದ ಕಾಣದ್ದಕ್ಕೆ ಹಾರೋ ಜಾಗ.

ಹಂತ 6: ಸಂಕೇತಗಳಿಗೆ ನಮ್ಮನೆ ಅರ್ಥ ತುರುಕಬೇಡಿ

ಕಥೇಲಿ ಎರಡು ಪ್ರಾಣಿ ಮುಖ್ಯ, ಹುಲಿ ಮತ್ತೆ ಗೋಸುಂಬೆ. ನಮ್ಮವರು ಎಡವೋದು ಗೋಸುಂಬೆ ಮೇಲೆ. ಕನ್ನಡದಲ್ಲಿ ಯಾರನ್ನಾದ್ರೂ ಗೋಸುಂಬೆ ಅಂದ್ರೆ ಮುಗೀತು, ಪಕ್ಷಾಂತರಿ, ಸಮಯಸಾಧಕ, ಬೈಗುಳ. ಊಸರವಳ್ಳಿ ಅಂದ್ರೂ ಅಷ್ಟೇ. ಹಂಗಾಗಿ ಮುತ್ತುಗೆ ಗೋಸುಂಬೆ ಮೇಲೆ ಆಸೆ ಅಂದ ತಕ್ಷಣ "ಮುತ್ತು ಅವಕಾಶವಾದಿ" ಅಂತ ಬರೆದವರು ಮೂರು ಜನ. ಪೂರ್ತಿ ಉಲ್ಟಾ. ಇಲ್ಲಿ ಗೋಸುಂಬೆ ಅಂದ್ರೆ ಕೂತ ಎಲೆ ಬಣ್ಣ ಎಲೆಗೆ, ಕೂತ ತೊಗಟೆ ಬಣ್ಣ ತೊಗಟೆಗೆ, ಒಂದೇ ಜೀವ ಹಲವು ಜಾಗಕ್ಕೆ ಸೇರಬಲ್ಲದು ಅನ್ನೋ ಸಾಧ್ಯತೆ. ಮಣಿಯಂ ತಾವೇ ಒಂದು ಪ್ರಬಂಧದಲ್ಲಿ ಹುಲಿಯ ದಾರಿ, ಗೋಸುಂಬೆಯ ದಾರಿ ಅಂತ ಎರಡನ್ನೂ ಎದುರುಬದುರು ಇಟ್ಟಿದಾರೆ. ಹುಲಿ ದಾರಿ ಅಂದ್ರೆ ಒಂದೇ ನೆಲ, ಒಂದೇ ಗುರುತು. ಗೋಸುಂಬೆ ದಾರಿ ಅಂದ್ರೆ ಹಲವು.

(ಸೈಡಲ್ಲಿ ಒಂದು ಮಾತು. ಮಲೇಷ್ಯಾ ಕಾಡಲ್ಲಿ ನಿಜವಾದ ಗೋಸುಂಬೆ ಜಾತಿ ಇಲ್ಲ, ಬಣ್ಣ ಬದಲಾಯಿಸೋ ಓತಿಕ್ಯಾತದ ಥರದವು ಇವೆ, ಮಲಯ್ ಭಾಷೇಲಿ 'ಸುಂಪಾ ಸುಂಪಾ' ಅಂತಾರೆ. ಬರೀ 'ಸುಂಪಾ' ಅಂದ್ರೆ ಆಣೆ, ಶಾಪ ಎರಡೂ. ನಿಷ್ಠೆಯ ಆಣೆ ಕೇಳೋ ದೇಶದಲ್ಲಿ ಬಣ್ಣ ಬದಲಿಸೋ ಪ್ರಾಣಿಗೆ ಈ ಹೆಸರು. ಇದು ಕಥೇಲಿಲ್ಲ, ಅಸೈನ್‌ಮೆಂಟಿಗೆ ಹಾಕಬೇಡಿ, ನನಗೆ ಮಜಾ ಅನ್ನಿಸ್ತು ಅಷ್ಟೇ.)

ಹುಲಿಗೂ ಅದೇ ಮಾತು. ಚಾಮುಂಡಿ, ಹುಲಿವೇಷ, ಮಾದಪ್ಪನ ಹುಲಿವಾಹನ ಎಲ್ಲ ಪಕ್ಕಕ್ಕಿಡಿ. ಮಲೇಷ್ಯಾದ ರಾಷ್ಟ್ರಲಾಂಛನ ನೋಡಿ, ಗುರಾಣಿಯ ಎರಡೂ ಕಡೆ ಒಂದೊಂದು ಹುಲಿ ನಿಂತಿದೆ. ಫುಟ್‌ಬಾಲ್ ಟೀಮಿಗೆ ಕರೆಯೋ ಹೆಸರೇ 'ಹರಿಮಾವ್ ಮಲಯಾ', ಮಲಯಾ ಹುಲಿ. ಅಂಥ ಪ್ರಾಣೀನ ಹೊಡೀಬೇಕು ಅಥವಾ ಒಲಿಸ್ಕೋಬೇಕು ಅಂತ ಒಬ್ಬ ತಮಿಳು ಹುಡುಗ ಕೋವಿ ಹಿಡ್ಕೊಂಡು ಹೊರಟ್ರೆ ಅದು ಬರೀ ಶಿಕಾರಿ ಅಲ್ಲ. ಹೊಡೆಯೋದೋ ಒಲಿಸ್ಕೊಳ್ಳೋದೋ ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ, ಅಜ್ಜಿ ಪ್ರಶ್ನೆಗೆ ಉತ್ತರ ಇದೇ ಇರಬೇಕು ಅಂತ ನನ್ನ ಅನಿಸಿಕೆ. ಕೋವಿ ಹಿಡ್ಕೊಂಡು ನೆಂಟಸ್ತನ ಕೇಳೋಕೆ ಹೋಗಿದಾನೆ.

ಹಂತ 7: ಟಾಪಿಕ್ಕನ್ನ ಥೀಮ್ ಮಾಡಿ

'ಐಡೆಂಟಿಟಿ' ಟಾಪಿಕ್ಕು. ಥೀಮ್ ಅಂದ್ರೆ ಅದರ ಬಗ್ಗೆ ಈ ಕಥೆ ಏನ್ ಹೇಳತ್ತೆ ಅಂತ ಪೂರ್ತಿ ವಾಕ್ಯ, ಒಪ್ಪೋಕೂ ಬರಬೇಕು, ಜಗಳ ಆಡೋಕೂ ಬರಬೇಕು. ಉದಾಹರಣೆಗೆ: "ಒಂದು ನೆಲಕ್ಕೆ ಸೇರೋದನ್ನ ಗೆದ್ದು ತಗೊಳ್ಳೋ ವಸ್ತು ಅಂತ ತಿಳ್ಕೊಂಡೋನಿಗೆ ಆ ನೆಲ ಎದುರಿಗೇ ಬರಲ್ಲ." ಇಲ್ಲಾಂದ್ರೆ: "ಹೊರಗಿನವನು ಅನ್ನೋದು ಹುಟ್ಟಿಂದ ಬರೋ ಗುಣ ಅಲ್ಲ, ಇನ್ನೊಬ್ಬರ ಮೂಗು ಕೊಡೋ ತೀರ್ಪು." ಎರಡೂ ಒಂದೇ ಕಥೆಯಿಂದ ಬಂದಿದ್ದು, ಆದ್ರೆ ಒಂದಕ್ಕೊಂದು ತಿಕ್ಕಾಡ್ತವೆ. ಮೊದಲನೇದು ತಪ್ಪು ಮುತ್ತುದು ಅನ್ನತ್ತೆ, ಎರಡನೇದು ಅಲ್ಲ ಅನ್ನತ್ತೆ. ನೀವು ಯಾವುದಾದ್ರೂ ಒಂದು ಕಡೆ ನಿಲ್ಲಿ. ನಾನು ಎರಡನೇದರ ಕಡೆ ಜಾಸ್ತಿ ವಾಲ್ತೀನಿ, ಆದ್ರೆ ಮೊದಲನೇದನ್ನ ಚೆನ್ನಾಗಿ ವಾದಿಸಿದವಳಿಗೇ ಆ ಸಲ ಜಾಸ್ತಿ ಮಾರ್ಕ್ಸ್ ಕೊಟ್ಟಿದ್ದು.

ಲೇಖಕರ ಪ್ರಬಂಧಾನ ಕೊನೇ ಮಾತು ಅಂತ ತಗೋಬೇಡಿ. ಅವರು ಗೋಸುಂಬೆ ಪರ ಇದಾರೆ ಸರಿ, ಆದ್ರೆ ಕಥೇಲಿ ಮುತ್ತು ಸಾಯೋ ಹೊತ್ತಲ್ಲಿ ಮೈಮೇಲೆ ಬಂದಿರೋದು ಹುಲಿ. ಲೇಖಕರು ಹೇಳೋದಕ್ಕೂ ಕಥೆ ಮಾಡೋದಕ್ಕೂ ನಡುವೆ ಇರೋ ಈ ಸಂದಿನ ತೋರ್ಸಿದ್ರೆ ಅದೇ ಒಂದು ಪ್ಯಾರಾ.

ಹಂತ 8: ಬರೆಯೋದು

ಉತ್ತರ ಇಂಗ್ಲಿಷಲ್ಲೇ ಬರೀಬೇಕು, ಆದ್ರೆ ಪ್ಯಾರಾ ಹೆಂಗಿರಬೇಕು ಅಂತ ಕನ್ನಡದಲ್ಲೇ ತೋರಿಸ್ತೀನಿ:

"ಹುಲಿ ಬಾರದಿರುವುದಕ್ಕೆ ಜುಲ್ಕಿಫ್ಲಿ ಕೊಡುವ ಕಾರಣ ವಾಸನೆ. ಬಟ್ಟೆಯಿಂದ ಶುರುವಾದ ಆ ಕಾರಣ ಯೋಚನೆಗೆ ಬಂದು ನಿಲ್ಲುತ್ತದೆ. ಮೊದಲನೆಯದನ್ನು ಮುತ್ತು ಕಳಚಬಲ್ಲ, ಎರಡನೆಯದನ್ನು ಕಳಚಿದರೆ ಅವನೇ ಉಳಿಯುವುದಿಲ್ಲ. ಕಾಡಿಗೆ ಸೇರಲು ಕೇಳಿರುವ ಬೆಲೆ ಸೇರಬೇಕಾದ ಮನುಷ್ಯನೇ ಆಗಿದ್ದಾನೆ."

ನಾಲ್ಕು ವಾಕ್ಯ, ಮೊದಲೆರಡು ಪಠ್ಯದಲ್ಲಿರೋದು, ಮೂರನೇದು ನನ್ನ ಓದು, ನಾಲ್ಕನೇದು ಥೀಮು. ಹದಿನೈದು ಮಾರ್ಕ್ಸಿನ ಪ್ರಶ್ನೆಗೆ ಇಂಥ ನಾಲ್ಕೈದು ಪ್ಯಾರಾ ಸಾಕು. ಇತಿಹಾಸಕ್ಕೆ ಅರ್ಧ ಪ್ಯಾರಾ, ಅದೂ ಬೇಕಾದ ಜಾಗದಲ್ಲಿ, ಉದಾಹರಣೆಗೆ ಭೂಮಿಪುತ್ರ ವಿಷ್ಯನ ವಾಸನೆ ಪಕ್ಕದಲ್ಲೇ ತನ್ನಿ, ಶುರುವಲ್ಲಿ ಗುಡ್ಡೆ ಹಾಕಬೇಡಿ.

ಸಣ್ಣಪುಟ್ಟ ತಪ್ಪುಗಳು: ಮಲಯ್ ಅಂದ್ರೆ ಜನಾಂಗ, ಮಲೇಷಿಯನ್ ಅಂದ್ರೆ ದೇಶದ ಪ್ರಜೆ, ಮುತ್ತು ಎರಡನೇದು, ಮೊದಲನೇದಲ್ಲ, ಇದನ್ನ ಅದಲು ಬದಲು ಮಾಡಿದ್ರೆ ಕಥೇನೇ ಬಿದ್ದೋಗತ್ತೆ. ಮುತ್ತುನ ಎನ್‌ಆರ್‌ಐ ಅಂತ ಬರೀಬೇಡಿ, ಅವನು ಯಾವ ಇಂಡಿಯಾಗೂ ವಾಪಸ್ ಬರೋನಲ್ಲ. ಮುತ್ತು ಅಂದ್ರೆ ಮಣಿಯಂ ಅಂತಾನೂ ಬರೀಬೇಡಿ.

ಇನ್ನೊಂದು ಕಥೆ ಮೇಲೆ ಕೈ ನೋಡೋದಾದ್ರೆ

ಇದೇ ಲೇಖಕರ 'ರತ್ನಮುನಿ' ತಗೊಳ್ಳಿ. ಅಲ್ಲಿ ಕಥೆ ಹೇಳೋನು ಮುನಿಯಾಂಡಿ, ಅವನ ಇಂಗ್ಲಿಷು ಮುರುಕಲು, ಮಧ್ಯೆ ಮಧ್ಯೆ ಮಲಯ್, ತಮಿಳು. ಅಲ್ಲಿ ಹಂತ 5ರಿಂದ ಶುರು ಮಾಡಿ, ಯಾಕಂದ್ರೆ ಪಾತ್ರಚಿತ್ರಣ ಪೂರ್ತಿ ಆ ಭಾಷೇಲೇ ಇದೆ. ಮೊದಲನೇ ಪುಟ ಜೋರಾಗಿ ಓದಿ, ಗ್ರಾಮರ್ ತಿದ್ದೋಕೆ ಕೈ ಹೋದ ಕಡೆಯೆಲ್ಲ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡಿ, ಆಮೇಲೆ ಆ ಚುಕ್ಕೆಗಳ ಹತ್ರ ಮಾತ್ರ ವಾಪಸ್ ಹೋಗಿ ನೋಡಿ ಅವನು ಆಗ ಯಾವ ವಿಷ್ಯ ಹೇಳ್ತಿದ್ದ ಅಂತ.